ಮದುವೆ ಶೂಟಿಂಗಿಗೆ ಮೆಮೊರಿ ಕಾರ್ಡ್ ಎಷ್ಟು ಸಾಕು, ಡಿಸ್ಕ್ ಯಾವಾಗ ಬೇಕು?

ಕ್ಯಾಮೆರಾದೊಳಗೆ ಕಾರ್ಡೇ ಸರಿ. ಆದರೆ ತೆಗೆದದ್ದನ್ನೆಲ್ಲ ತಿಂಗಳುಗಟ್ಟಲೆ ಅದರಲ್ಲೇ ಬಿಡುವುದು, ದುರ್ಗದ ಕೋಟೆಯಲ್ಲಿ ಮಾಡಿದ ಶೂಟನ್ನು ಆ ಕಾರ್ಡಿನಲ್ಲೇ ದಾವಣಗೆರೆಯ ಎಡಿಟರ್‌ಗೆ ಕಳಿಸುವುದು ಅಪಾಯ. ಉಗುರಿನಷ್ಟು ಚಿಕ್ಕ ಮೈಕ್ರೊ ಎಸ್‌ಡಿ ಕಳೆದರೆ ಆ ಮದುವೆಯೇ ಹೋದಂತೆ.

4ಕೆ ವಿಡಿಯೊ ಸೆಕೆಂಡಿಗೆ 100 ಮೆಗಾಬಿಟ್‌ನಂತೆ ರೆಕಾರ್ಡ್ ಆದರೆ ತಾಸಿಗೆ ಸುಮಾರು 45 ಜಿಬಿ. 64 ಜಿಬಿ ಕಾರ್ಡ್ ಒಂದೂವರೆ ತಾಸಿನೊಳಗೆ ತುಂಬುತ್ತದೆ. ಧಾರೆ ನಡೆಯುವಾಗ ಕಾರ್ಡ್ ಬದಲಿಸುವ ಫಜೀತಿ ಬೇಡವೆಂದರೆ 128 ಜಿಬಿ ತಗೊಳ್ಳಿ. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ಈ ವಿಡಿಯೊಗೆ ಬೇಕಾದ ವೇಗ ಸೆಕೆಂಡಿಗೆ ಬರೀ 12.5 ಎಂಬಿ. ವಿ30 ಗುರುತಿನ ಕಾರ್ಡ್ ಕನಿಷ್ಠ 30 ಎಂಬಿ ಬರೆಯುತ್ತದೆ, ಧಾರಾಳವಾಯಿತು. ವಿ90ಗೆ ದುಡ್ಡು ಸುರಿಯಬೇಕಿಲ್ಲ. ಲೇಬಲ್ ಮೇಲೆ ದೊಡ್ಡದಾಗಿ ಬರೆದಿರುವ 170, 200 ಓದುವ ವೇಗ. ಅದೂ ಅದಕ್ಕೆ ಹೊಂದುವ ರೀಡರ್ ಇದ್ದರೆ ಮಾತ್ರ. ಮಾಮೂಲಿ ಯುಎಚ್‌ಎಸ್-1 (ಕಾರ್ಡ್ ಸಂಪರ್ಕದ ವೇಗದ ಒಂದು ಮಟ್ಟ) ರೀಡರ್‌ನ ಮಿತಿ ಸೆಕೆಂಡಿಗೆ 104 ಎಂಬಿ.

ನಕಲಿ ಕಾರ್ಡಿನದೇ ದೊಡ್ಡ ತಲೆನೋವು. ಒಳಗಿರುವುದು 16 ಜಿಬಿ ಚಿಪ್. ಅದನ್ನು ನಡೆಸುವ ಕಂಟ್ರೋಲರ್ ಮಾತ್ರ 128 ಎಂದು ತೋರಿಸುವಂತೆ ತಿದ್ದಿರುತ್ತಾರೆ. 16 ದಾಟಿದ ಮೇಲೆ ಫೈಲಿನ ಹೆಸರು ಕಾಣುತ್ತದೆ, ತೆರೆದರೆ ಏನೂ ಇರುವುದಿಲ್ಲ. ಕೊಂಡ ದಿನವೇ, ಬಿಲ್ ಕೈಯಲ್ಲಿರುವಾಗಲೇ, ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶದಿಂದ ಕಾರ್ಡನ್ನು ಪೂರ್ತಿ ತುಂಬಿಸಿ ಓದಿಸಿ. 128 ಜಿಬಿಗೆ ಒಂದೂವರೆ ತಾಸು ಹಿಡಿಯಬಹುದು, ಹಿಡಿಯಲಿ. ಅಸಲಿ 128 ಜಿಬಿ ಕಾರ್ಡ್ ಕಂಪ್ಯೂಟರಿನಲ್ಲಿ ಸುಮಾರು 119 ಎಂದು ತೋರಿಸುತ್ತದೆ. ಅದು ಲೆಕ್ಕ ಹಾಕುವ ರೀತಿಯ ವ್ಯತ್ಯಾಸ, ಮೋಸವಲ್ಲ.

ಇನ್ನು ಡಿಸ್ಕ್. ಕಡಿಮೆ ದುಡ್ಡಿಗೆ ಹೆಚ್ಚು ಜಾಗ ಬೇಕೆಂದರೆ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್. ಅದು ಸ್ಟುಡಿಯೊ ಮೇಜಿನ ಮೇಲೇ ಇರಲಿ. ತಿರುಗುತ್ತಿರುವಾಗ ಬಿದ್ದರೆ ಓದುವ ಹೆಡ್ ಒಳಗಿನ ತಟ್ಟೆಗೆ ತಾಗಿ ಗೀರಾಗುತ್ತದೆ. ಆಮೇಲೆ ಟಿಕ್ ಟಿಕ್ ಸದ್ದು ಬಂದರೆ ಮತ್ತೆ ಮತ್ತೆ ಚುಚ್ಚಿ ನೋಡಬೇಡಿ, ಗೀರು ಹೆಚ್ಚುತ್ತದೆ. ಆದರೆ ಬೀಳದ ಡಿಸ್ಕೂ ಟಿಕ್ ಅಂದು ಮಾಯವಾಗುವುದುಂಟು: ವಿದ್ಯುತ್ ಸಾಲದ ಹಬ್‌ಗೆ ಚುಚ್ಚಿರುತ್ತಾರೆ. ನೇರ ಲ್ಯಾಪ್‌ಟಾಪಿನ ಯುಎಸ್‌ಬಿ 3 ಪೋರ್ಟಿಗೆ ಹಾಕಿದರೆ ಸರಿಹೋಗುತ್ತದೆ.

ಬೈಕಿನಲ್ಲಿ, ಬಸ್ಸಿನಲ್ಲಿ ಒಯ್ಯಲು ಪೋರ್ಟಬಲ್ ಎಸ್‌ಎಸ್‌ಡಿಯೇ (ತಟ್ಟೆಯ ಬದಲು ಫ್ಲ್ಯಾಶ್ ಚಿಪ್ಪಿನಲ್ಲಿ ಉಳಿಸುವ ಡಿಸ್ಕ್) ಮೇಲು. ತಿರುಗುವ ಭಾಗವಿಲ್ಲ, ಕುಲುಕಾಟಕ್ಕೆ ಅಂಜಬೇಕಿಲ್ಲ. ಬೆಲೆ ಜಾಸ್ತಿ ನಿಜ, ಕೊಟ್ಟರೆ ಸಾರ್ಥಕ. ಅದನ್ನೂ ವರ್ಷಗಟ್ಟಲೆ ಬೀರುವಿನಲ್ಲಿ ಬಿಡಬಾರದು. ವಿದ್ಯುತ್ ಸಿಗದ ಫ್ಲ್ಯಾಶ್ ನಿಧಾನವಾಗಿ ಚಾರ್ಜನ್ನೂ ಅದರೊಂದಿಗೆ ಫೈಲನ್ನೂ ಕಳೆದುಕೊಳ್ಳುತ್ತದೆ, ಸೆಕೆಯಲ್ಲಿ ಇನ್ನೂ ಬೇಗ.

ಪೆನ್‌ಡ್ರೈವ್ ಗಿರಾಕಿಗೆ ಕೊಡಲಷ್ಟೇ. ಹಳೆಯ ಟಿವಿ ಎಕ್ಸ್‌ಫ್ಯಾಟ್ ಎಂಬ ಫಾರ್ಮ್ಯಾಟ್ ಓದದಿದ್ದರೆ ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ವಿಡಿಯೊವನ್ನು 4 ಜಿಬಿಗಿಂತ ಚಿಕ್ಕ ತುಂಡುಗಳಾಗಿ ಹಾಕಿ.

ಶೂಟ್ ಮುಗಿದ ರಾತ್ರಿಯೇ ಕಾರ್ಡನ್ನು ಎಸ್‌ಎಸ್‌ಡಿಗೂ ಹಾರ್ಡ್‌ಡಿಸ್ಕಿಗೂ ಕಾಪಿ ಮಾಡಿ. ಕಟ್-ಪೇಸ್ಟ್ ಬೇಡವೇ ಬೇಡ, ನಡುವೆ ಕರೆಂಟ್ ಹೋದರೆ ಎರಡೂ ಕಡೆ ಅರೆಬರೆಯಾದೀತು. ಎರಡೂ ಕಾಪಿಯಲ್ಲಿ ಕೆಲವು ಫೈಲ್ ತೆರೆದು ನೋಡಿ, ಸೇಫ್ಲಿ ರಿಮೂವ್ ಒತ್ತಿ ಕೀಳಿ. ಆಮೇಲಷ್ಟೇ ಕಾರ್ಡನ್ನು ಕಂಪ್ಯೂಟರಿನಲ್ಲಲ್ಲ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ.