ಕಾರವಾರದ ಹತ್ತಿರ ಮೂರು ದಿನದ ಮೌನ ಧ್ಯಾನಕೂಟ: ಹೋಗಬಹುದು, ಸೊಳ್ಳೆಬತ್ತಿ ಮರೆಯಬೇಡಿ

ಐದಕ್ಕೆ ಮೂರೂವರೆ ಸ್ಟಾರ್. ಆ ಅರ್ಧ ಸ್ಟಾರ್ ಅಡುಗೆಮನೆಯ ಅಕ್ಕನಿಗೆ, ಅದನ್ನು ಆಮೇಲೆ ಹೇಳುತ್ತೇನೆ.

ಜಾಗದ ಹೆಸರು ಹಾಕುವುದಿಲ್ಲ. ಇದರಲ್ಲಿ ದೂರೂ ಇದೆ, ನಡೆಸುವವರು ಒಳ್ಳೆಯ ಜನ, ಸುಮ್ನೆ ಅವರಿಗೆ ಮುಜುಗರ ಯಾಕೆ. ಕಾರವಾರಕ್ಕೂ ಅಂಕೋಲಾಕ್ಕೂ ನಡುವೆ ಎಲ್ಲೋ ಒಂದು ಕಡೆ ಅಂದುಕೊಳ್ಳಿ.

ನಾನು ಶಿರಸಿಯವನು. ಜೆರಾಕ್ಸ್ ಅಂಗಡಿ ಇದೆ. ಭಾನುವಾರ ಚರ್ಚಿನ ಬಲಿಪೂಜೆ ತಪ್ಪಿಸುವವನಲ್ಲ. ಹಾಡುವವರ ಜೊತೆ ನಿಂತು ಹಾಡುತ್ತೇನೆ, ವಾಚನ ಓದು ಅಂದರೆ ಓದುತ್ತೇನೆ. ಹೊರಗಿನಿಂದ ನೋಡಿದರೆ ಎಲ್ಲ ಸರಿ. ಒಳಗೆ ಮಾತ್ರ ಎರಡು ವರ್ಷದಿಂದ ಏನೂ ಇರಲಿಲ್ಲ. ಕೈಯಲ್ಲಿ ಜಪಸರದ ಮಣಿ ಉರುಳುತ್ತಿತ್ತು, ತಲೆಯಲ್ಲಿ ಟೋನರ್ ಬಿಲ್ಲು ಉರುಳುತ್ತಿತ್ತು. ಯಾರ ಹತ್ತಿರ ಹೇಳುವುದು? ಹೇಳಿದರೆ "ಪ್ರಾರ್ಥನೆ ಮಾಡು" ಅನ್ನುತ್ತಾರೆ. ಅದೇ ಆಗುತ್ತಿಲ್ಲ ಅಂತಲೇ ಅಲ್ವಾ ನಾನು ಹೇಳುತ್ತಿರುವುದು.

ಇದಕ್ಕೂ ಮುಂಚೆ, ಆರು ವರ್ಷದ ಹಿಂದೆ, ಬೇರೆ ಊರಿನಲ್ಲಿ ಒಂದು ದೊಡ್ಡ ಸಮಾವೇಶಕ್ಕೆ ಹೋಗಿದ್ದೆ. ಶಾಮಿಯಾನ, ಡ್ರಮ್ಮು, ಕೈಯೆತ್ತಿ ಹಾಡುವುದು, ಅಳು. ಮೈಯೆಲ್ಲ ಬೆಂಕಿ ಹತ್ತಿದವನ ಹಾಗೆ ವಾಪಸ್ ಬಂದೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಒಂದು ಗಂಟೆ ಪ್ರಾರ್ಥನೆ, ಆಮೇಲೆ ಮನೆಯವರಿಗೆಲ್ಲ ಉಪದೇಶ, ಪಾಪ ಅವರು ಕೇಳಿಸಿಕೊಂಡರು. ಹದಿನೆಂಟು ದಿನ ನಡೆಯಿತು. ಹತ್ತೊಂಬತ್ತನೇ ದಿನ ಜ್ವರ ಬಂತು. ಜ್ವರ ಹೋಯಿತು, ನಾಲ್ಕೂವರೆಯ ಪ್ರಾರ್ಥನೆ ಮಾತ್ರ ತಿರುಗಿ ಬರಲಿಲ್ಲ. ಹಾಗಾಗಿ ಈ ಸಲ ಯಾರೂ ಕೂಗದ ಜಾಗ ಹುಡುಕಿದೆ.

ಬುಕಿಂಗ್ ಒಂದು ಶಿಕ್ಷೆ. ನಾಲ್ಕು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಐದನೇ ಸಲ ಎತ್ತಿದವರು "ನಾಳೆ ಮಾಡಿ" ಅಂದರು. ಮೂರು ದಿನಕ್ಕೆ ಊಟ ವಸತಿ ಸೇರಿ 1,800 ರೂಪಾಯಿ. ಈ ಕಾಲಕ್ಕೆ ಅದು ಜಾಸ್ತಿ ಅಲ್ಲ. ಜುಲೈ 29ರಿಂದ 31ರವರೆಗೆ. ಶಿರಸಿಯಿಂದ ಘಟ್ಟ ಇಳಿದು ಕುಮಟಾ, ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ಆಟೋ. ಆಟೋದವನು ಕೆಸರು ನೋಡಿ ಕೊನೆಯ ತಿರುವಿನಲ್ಲೇ ಇಳಿಸಿದ. ಆ ಮಳೆಯಲ್ಲಿ ಕೊಡೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ರೂಮು ಸಾಧಾರಣ. ಒಂದು ಮೂಲೆಯಲ್ಲಿ ಸೋರುತ್ತಿತ್ತು, ಬಕೆಟ್ ಇಟ್ಟಿದ್ದರು. ಸೊಳ್ಳೆ ಮಾತ್ರ ವಿಪರೀತ. ಮೌನ ಅಂತ ಇದ್ದದ್ದು ನಮಗೆ, ಅವಕ್ಕಲ್ಲ. ಫೋನನ್ನು ಬಾಗಿಲಲ್ಲೇ ಒಂದು ಬಟ್ಟೆ ಚೀಲಕ್ಕೆ ಹಾಕಿಸಿಕೊಂಡು ಟೋಕನ್ ಕೊಡುತ್ತಾರೆ. ಎರಡು ಗಂಟೆ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು.

ಈಗ ಇಷ್ಟವಾದದ್ದು. ಮೊದಲ ದಿನ ಊಟವಾದ ಮೇಲೆ ಪ್ರವಚನ ಶುರುವಾಗುತ್ತದೆ ಅಂದುಕೊಂಡರೆ, ಫಾದರ್ "ಹೋಗಿ ಮಲಗಿ" ಅಂದರು. ನಿಜವಾಗಿ. ನಾಲ್ಕು ಗಂಟೆಯವರೆಗೆ ಯಾರೂ ಎಬ್ಬಿಸುವುದಿಲ್ಲ. ಯಾಕೆ ಅಂತ ಸಂಜೆ ಹೇಳಿದರು. ಪ್ರವಾದಿ ಎಲೀಯನ ಕಥೆ, ಬೈಬಲಿನ ಒಂದನೇ ಅರಸುಗಳು ಗ್ರಂಥದ 19ನೇ ಅಧ್ಯಾಯ. ಕರ್ಮೆಲ್ ಬೆಟ್ಟದಲ್ಲಿ ಅಷ್ಟು ದೊಡ್ಡ ಗೆಲುವು, ಆಕಾಶದಿಂದ ಬೆಂಕಿ ಬಿದ್ದದ್ದು ಅಲ್ಲೇ. ಅದಾದ ಮೇಲೆ ರಾಣಿ ಈಜೆಬೆಲಳ ಒಂದು ಬೆದರಿಕೆ ಬಂತು, ಮನುಷ್ಯ ಅಡವಿಗೆ ಓಡಿಹೋಗಿ ಒಂದು ಗಿಡದ ಕೆಳಗೆ ಕೂತು ಸಾಯಿಸಿಬಿಡು ದೇವರೇ ಅಂದ. ದೇವರು ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ದೂತ ಬಂದು ಮುಟ್ಟಿ ಎಬ್ಬಿಸಿದ, ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ತಿಂದ, ಮತ್ತೆ ಮಲಗಿದ. ಎರಡನೇ ಸಲವೂ ಹಾಗೇ. ಆಮೇಲೆ ನಲವತ್ತು ದಿನ ನಡೆದ. "ಅವನು ನಡೆದದ್ದು ಕರ್ಮೆಲಿನ ಬೆಂಕಿಯಿಂದ ಅಲ್ಲ, ಆ ರೊಟ್ಟಿಯಿಂದ" ಅಂದರು ಫಾದರ್. ನಾನು ನನ್ನ ಹದಿನೆಂಟು ದಿನ ನೆನಪಿಸಿಕೊಂಡು ತಲೆ ತಗ್ಗಿಸಿದೆ.

ರೊಟ್ಟಿ ಅಂದದ್ದಕ್ಕೆ ಊಟದ ಮಾತು. ಮೀನುಗಾರಿಕೆ ನಿಷೇಧದ ದಿನಗಳು, ಹಾಗಾಗಿ ಹಸಿ ಮೀನಿನ ಆಸೆ ಬೇಡ. ಕುಚ್ಚಲಕ್ಕಿ ಗಂಜಿ, ಸುಟ್ಟ ಒಣಮೀನು, ಮಾವಿನ ಉಪ್ಪಿನಕಾಯಿ, ಸೋಲ್‌ಕಡಿ. ಅಡುಗೆಮನೆಯ ಅಕ್ಕ ಮಾತಾಡುವ ಹಾಗಿಲ್ಲ ಅಂತ ಕಣ್ಣಲ್ಲೇ "ಇನ್ನೂ ಸ್ವಲ್ಪ?" ಅಂತ ಕೇಳುತ್ತಿದ್ದಳು. ನಾನು ಕಣ್ಣಲ್ಲೇ ಹೂಂ ಅನ್ನುತ್ತಿದ್ದೆ. ಅರ್ಧ ಸ್ಟಾರ್ ಸಾಲದು ಅನಿಸುತ್ತಿದೆ.

ಎರಡನೇ ದಿನ ಮಧ್ಯಾಹ್ನ ಕಷ್ಟ. ಇದನ್ನು ಹೋಗುವವರು ತಿಳಿದಿರಬೇಕು. ಮಾತಿಲ್ಲ, ಫೋನಿಲ್ಲ, ಮಳೆ ನಿಲ್ಲುವುದಿಲ್ಲ, ಗಡಿಯಾರ ಮುಂದೆ ಹೋಗುವುದಿಲ್ಲ. ಬೈಬಲ್ ತೆರೆದರೆ ಅದೇ ಸಾಲನ್ನು ಮೂರು ಸಲ ಓದುತ್ತೇನೆ. ಎದ್ದು ಕಿಟಕಿ ಹತ್ತಿರ ಹೋಗುತ್ತೇನೆ, ಯಾರಾದರೂ ಬರುತ್ತಾರಾ ನೋಡುತ್ತೇನೆ, ಯಾರೂ ಬರುವುದಿಲ್ಲ. ಚೀಲ ಕಟ್ಟಿ ಬಸ್ ಹಿಡಿಯೋಣ ಅಂತ ನಿಜಕ್ಕೂ ಯೋಚಿಸಿದೆ. ಸಂಜೆ ಒಬ್ಬ ಸಿಸ್ಟರ್ ಹತ್ತಿರ ಹೇಳಿಕೊಂಡೆ. ಪ್ರತಿಯೊಬ್ಬರಿಗೂ ಇಪ್ಪತ್ತು ನಿಮಿಷ ಒಬ್ಬರ ಹತ್ತಿರ ಮಾತಾಡಲು ಬಿಡುತ್ತಾರೆ. ಅವರು ನಕ್ಕರು. ಇದೇನು ಹೊಸ ಕಾಯಿಲೆ ಅಲ್ಲ ಅಂದರು. ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿನಲ್ಲಿ ಎವಾಗ್ರಿಯಸ್ ಅಂತ ಒಬ್ಬ ಸನ್ಯಾಸಿ ಇದ್ದರಂತೆ. ಇದಕ್ಕೆ ಅವರು ನಡುಮಧ್ಯಾಹ್ನದ ದೆವ್ವ ಅಂತಲೇ ಕರೆದು, ಅದು ಹಿಡಿದವನ ಲಕ್ಷಣವನ್ನೂ ಬರೆದಿಟ್ಟಿದ್ದಾರೆ: ಸೂರ್ಯ ನಿಂತೇ ಬಿಟ್ಟಿದ್ದಾನೆ ಅನಿಸುತ್ತದೆ, ಮತ್ತೆ ಮತ್ತೆ ಕಿಟಕಿಯತ್ತ ನೋಡುತ್ತಾನೆ, ಯಾರಾದರೂ ಬರುತ್ತಾರಾ ಅಂತ ಇಣುಕುತ್ತಾನೆ, ಬೇರೆ ಊರಿಗೆ ಹೋದರೆ ಎಲ್ಲ ಸರಿಹೋಗುತ್ತದೆ ಅಂದುಕೊಳ್ಳುತ್ತಾನೆ. ಸಾವಿರದ ಆರುನೂರು ವರ್ಷದ ಹಿಂದೆಯೇ ಯಾರೋ ನನ್ನ ಮಧ್ಯಾಹ್ನವನ್ನು ನೋಡಿ ಬರೆದ ಹಾಗಿತ್ತು. ನನ್ನ ಎರಡು ವರ್ಷದ ಭಾರ ಅರ್ಧ ಇಳಿದದ್ದು ಅಲ್ಲೇ.

ಮದ್ದು ಏನು ಅಂತ ಕೇಳಿದೆ. ಸಿಸ್ಟರ್ ಸಂತ ಇಗ್ನೇಷಿಯಸರ ಮಾತು ಹೇಳಿದರು. ಈ ಸಂತರು ಮೊದಲು ಸೈನಿಕ. 1521ರಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರಿದುಕೊಂಡು ಮಲಗಿದಾಗ ಮನಸ್ಸು ತಿರುಗಿತು. ಆಮೇಲೆ ಮನ್ರೇಸಾ ಅನ್ನುವ ಊರಿನಲ್ಲಿ ಒಳಗಿನ ಕತ್ತಲೆಯನ್ನು ಚೆನ್ನಾಗಿಯೇ ಕಂಡರು. ಅವರ ನಿಯಮ ಸರಳ. ಮನಸ್ಸು ಒಣಗಿರುವಾಗ, ಮೊದಲು ಮಾಡಿಕೊಂಡ ತೀರ್ಮಾನವನ್ನು ಬದಲಾಯಿಸಬೇಡ. ಪ್ರಾರ್ಥನೆ ಬೇಗ ಮುಗಿಸೋಣ ಅನಿಸಿದರೆ, ಇಟ್ಟುಕೊಂಡ ಹೊತ್ತಿಗಿಂತ ಸ್ವಲ್ಪ ಜಾಸ್ತಿಯೇ ಕೂತುಕೋ. ಒಣಗುವುದಕ್ಕೆ ಮೂರು ಕಾರಣ ಇರಬಹುದು ಅಂತಲೂ ಹೇಳಿದ್ದಾರೆ. ಒಂದು ನಮ್ಮದೇ ಸೋಮಾರಿತನ. ಇನ್ನೊಂದು, ಪ್ರಾರ್ಥನೆಯ ಸಿಹಿ ಸಿಗದಿದ್ದರೂ ಇವನು ಇರುತ್ತಾನಾ ಅಂತ ಪರೀಕ್ಷೆ. ಮೂರನೆಯದು, ಆ ಸಿಹಿ ನಾವು ದುಡಿದದ್ದಲ್ಲ, ಕೊಟ್ಟದ್ದು ಅಂತ ತಿಳಿಯಲಿ ಅಂತ. ನನ್ನದು ಯಾವುದು ಸಿಸ್ಟರ್ ಅಂದೆ. "ಸ್ವಲ್ಪ ಒಂದನೆಯದು" ಅಂದರು. ಮುಖ ನೋಡಿ ಹೇಳಿದ್ದು ಒಳ್ಳೆಯದೇ ಆಯಿತು.

ಅವರು ಕೊನೆಗೆ ಬೈಬಲಿನ ಯಾಜಕಕಾಂಡದ 6ನೇ ಅಧ್ಯಾಯ ಓದಿಸಿದರು. ಬಲಿಪೀಠದ ಬೆಂಕಿ ಆರಬಾರದು, ಯಾಜಕ ದಿನಾ ಬೆಳಿಗ್ಗೆ ಅದಕ್ಕೆ ಸೌದೆ ಹಾಕಬೇಕು ಅಂತ ಇದೆ. ದಿನಾ ಬೆಳಿಗ್ಗೆ ಸೌದೆ. ನನಗೆ ತಕ್ಷಣ ನಮ್ಮ ಹಳೇ ಮನೆಯ ಬಚ್ಚಲೊಲೆ ಕಣ್ಣಿಗೆ ಬಂತು. ಅಜ್ಜಿ ರಾತ್ರಿ ಒಂದು ದಪ್ಪ ಸೌದೆ ಕುಂಟೆ ತಳ್ಳಿ ಬೂದಿ ಮುಚ್ಚುತ್ತಿದ್ದಳು. ಬೆಳಿಗ್ಗೆ ನೋಡಿದರೆ ಬೂದಿ ಮಾತ್ರ, ತಣ್ಣಗೆ. ಕೆದಕಿ, ಒಣಗಿದ ಗರಿ ನಾಲ್ಕಿಟ್ಟು, ಊದುಗೊಳವೆಯಲ್ಲಿ ಎರಡು ಸಲ ಊದಿದರೆ ಉರಿಯುತ್ತಿತ್ತು. ಬೆಂಕಿಪೊಟ್ಟಣ ತಂದದ್ದು ನೋಡಿಲ್ಲ. ನಾನು ಮಾತ್ರ ಆರು ವರ್ಷದ ಹಿಂದೆ ಒಂದೇ ದಿನ ಒಂದು ಗಾಡಿ ಸೌದೆ ಸುಟ್ಟಿದ್ದೆ.

ಮೂರನೇ ದಿನ ಹಾಳಾಯಿತು ಅಂತಲೇ ಹೇಳಬೇಕು. ಹೊರಗಿನಿಂದ ಬಂದ ಒಬ್ಬ ಪ್ರವಚನಕಾರರು ಮೈಕ್ ಹಿಡಿದು ಒಂದೂಕಾಲು ಗಂಟೆ ಕೂಗಿದರು. ಪ್ರಾರ್ಥನೆ ಒಣಗಿದರೆ ಅದಕ್ಕೆ ಬಚ್ಚಿಟ್ಟ ಪಾಪವೇ ಕಾರಣ, ಬೇರೆ ಏನೂ ಇಲ್ಲ ಅಂದರು. ನನ್ನ ಪಕ್ಕ ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸು ಇದ್ದರು, ಅಳಲು ಶುರು ಮಾಡಿದರು. ನನಗೆ ಸಿಟ್ಟು ಬಂತು. ಎಲೀಯನಿಗೆ ದೇವರು ರೊಟ್ಟಿ ಕೊಟ್ಟದ್ದನ್ನು ಇವರಿಗೆ ಯಾರಾದರೂ ಓದಿ ಹೇಳಬಾರದಾ? ಎರಡು ದಿನ ಕಷ್ಟಪಟ್ಟು ಕಟ್ಟಿದ ಮೌನವನ್ನು ಹೀಗೆ ಮುರಿಯುವುದು ಯಾಕೆ ಅಂತ ಅಭಿಪ್ರಾಯದ ಹಾಳೆಯಲ್ಲಿ ಬರೆದಿದ್ದೇನೆ. ಒಂದು ಸ್ಟಾರ್ ಪೂರ್ತಿ ಅಲ್ಲೇ ಹೋಯಿತು.

ಪುಸ್ತಕದ ಅಂಗಡಿಯೂ ಇದೆ. ಇಂಗ್ಲಿಷಿಗೆ ಮೂರು ಕಪಾಟು, ಕೊಂಕಣಿಗೆ ಒಂದು, ಕನ್ನಡಕ್ಕೆ ಒಂದು ತಟ್ಟೆಯಷ್ಟು ಜಾಗ. ಮುಂದೆ ಹೋಗೋಣ.

ವಾಪಸ್ ಬರುವಾಗ ಬಸ್ ಸ್ಟಾಪಿನವರೆಗೆ ಬೈತಖೋಲ್ ಬಂದರಿನ ಕಡೆಯ ಒಬ್ಬ ಮೀನುಗಾರ ಜೊತೆಗಿದ್ದ. ಮೂರು ದಿನ ಎದುರಿಗೇ ಕೂತು ಗಂಜಿ ಕುಡಿದಿದ್ದೆವು, ದನಿ ಕೇಳಿದ್ದು ಆವಾಗಲೇ. ಅವನು ಪ್ರತಿ ವರ್ಷ ಇದೇ ಹೊತ್ತಿಗೆ ಬರುತ್ತಾನಂತೆ. ಜೂನ್ 1ರಿಂದ ಜುಲೈ 31, 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ಬಲೆ ಹೊಲಿಯುವುದು, ಎಂಜಿನ್ ಬಿಚ್ಚುವುದು, ಬಣ್ಣ ಬಳಿಯುವುದು, ಕೊನೆಯ ಮೂರು ದಿನ ಇಲ್ಲಿ. ನಿನಗೆ ಇಲ್ಲಿ ಬಂದರೆ ಏನಾದರೂ ಅನಿಸುತ್ತದಾ ಅಂತ ಕೇಳಿದೆ. "ಕೆಲವು ವರ್ಷ ಅನಿಸುತ್ತದೆ. ಕೆಲವು ವರ್ಷ ನಿದ್ದೆ ಬರುತ್ತದೆ. ಬಲೆ ಹೊಲಿಯುವಾಗ ಮೀನು ಸಿಗುತ್ತದಾ ಮಾರಾಯ?" ಅಂದ. ಅವತ್ತು ಜುಲೈ 31, ಸಂತ ಇಗ್ನೇಷಿಯಸರ ಹಬ್ಬ ಕೂಡ. ಅವನಿಗೆ ಹಬ್ಬಕ್ಕಿಂತ ಐಸ್ ತುಂಬುವ ಚಿಂತೆ ಜಾಸ್ತಿ ಇತ್ತು.

ಹೋಗಿ ಬಂದು ಐದು ತಿಂಗಳಾಯಿತು. ನನ್ನ ತೀರ್ಮಾನ ಚಿಕ್ಕದು: ಅಂಗಡಿ ಷಟರ್ ಎತ್ತುವ ಮೊದಲು ಒಳಗೆ ಹತ್ತು ನಿಮಿಷ, ಬೈಬಲಿನ ಒಂದು ಕೀರ್ತನೆ, ಅಷ್ಟೇ. ಮನಸ್ಸಿಲ್ಲದ ದಿನ ಹನ್ನೊಂದು ನಿಮಿಷ. ಹನ್ನೊಂದು ನಿಮಿಷದ ದಿನಗಳೇ ಜಾಸ್ತಿ. ತಪ್ಪಿದ ದಿನಗಳೂ ಇವೆ, ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ, ಅಕ್ಟೋಬರ್ ನೋಡಲು ಚೆನ್ನಾಗಿಲ್ಲ. ಮೈಯಲ್ಲಿ ಬೆಂಕಿ ಏನೂ ಹತ್ತಿಲ್ಲ. ಆದರೆ ಮೊನ್ನೆ ಚರ್ಚಿನಲ್ಲಿ ಪರಮಪ್ರಸಾದ ತೆಗೆದುಕೊಂಡು ಬಂದು ಕೂತಾಗ ಟೋನರ್ ಬಿಲ್ಲು ನೆನಪಾಗಲಿಲ್ಲ ಅಂತ ಮನೆಗೆ ಬಂದ ಮೇಲೆ ಗೊತ್ತಾಯಿತು.

ಧ್ಯಾನಕೂಟದವರ ಮೇಲೆ ಇನ್ನೊಂದು ದೂರು ಬಾಕಿ ಇದೆ. ತಿಂಗಳಿಗೊಂದು ಸಂದೇಶ ಕಳಿಸುತ್ತೇವೆ, ಹೇಗಿದ್ದೀರಿ ಅಂತ ಕೇಳುತ್ತೇವೆ ಅಂತ ನಂಬರ್ ಬರೆಸಿಕೊಂಡಿದ್ದರು. ಒಂದೂ ಬಂದಿಲ್ಲ. ಹೊರಗೆ ಕಳಿಸಿದ ಮೇಲೆ ನಡೆಯುವವನು ಒಬ್ಬನೇ ಆಗಿಬಿಡುತ್ತಾನೆ, ಅಲ್ಲೇ ಜನ ಬೀಳುವುದು. ನಾನು ಈಗ ಆ ಮೀನುಗಾರನಿಗೇ ಶನಿವಾರ ಫೋನ್ ಮಾಡುತ್ತೇನೆ, ಅವನು ಮೊದಲು ಬಂಗಡೆ ರೇಟು ಹೇಳುತ್ತಾನೆ, ಆಮೇಲೆ ಉಳಿದದ್ದು.

ಮತ್ತೆ ಹೋಗುತ್ತೀರಾ ಅಂತ ಕೇಳಿದರೆ, ಹೌದು. ಮುಂದಿನ ಜುಲೈಗೆ ಹೆಸರು ಬರೆಸಲು ನಿನ್ನೆ ಎರಡು ಸಲ ಫೋನ್ ಮಾಡಿದೆ. ಎತ್ತಲಿಲ್ಲ.