ಪೆಟ್ ಫ್ರೆಂಡ್ಲಿ ಅಂತ ಹೋದೆವು, ತೋರಿಸಿದ್ದು ಸೌದೆ ಕೊಟ್ಟಿಗೆ

ಇದನ್ನು ಬರೆಯಲು ನಾಚಿಕೆ ಆಗುತ್ತಿದೆ. ಹುಡುಕಿದ್ದು ನಾನು, ದುಡ್ಡು ಕಳಿಸಿದ್ದು ನಾನು. "ಈ ಸಲ ಗುಂಡನ್ನೂ ಕರ್ಕೊಂಡು ಹೋಗೋಣ, ನಾನು ಎಲ್ಲಾ ಮಾತಾಡಿದೀನಿ" ಅಂತ ಮನೆಯಲ್ಲಿ ಜಂಬ ಕೊಚ್ಚಿಕೊಂಡವಳೂ ನಾನೇ. ನಾಯಿ ಸಾಕಿರುವವರು ದಯವಿಟ್ಟು ಓದಿ.

2025ರ ಆಗಸ್ಟ್ 15 ಶುಕ್ರವಾರ ಬಿತ್ತಲ್ಲ, ಸಾಲು ರಜೆ. ಚಿಕ್ಕಮಗಳೂರು ಕಡೆ ಕಾಫಿ ತೋಟದೊಳಗೆ ಒಂದು ಹೋಂಸ್ಟೇ. ದೊಡ್ಡದಾಗಿ 'ಪೆಟ್ ಫ್ರೆಂಡ್ಲಿ' ಅಂತ ಹಾಕಿದ್ದರು. ಹಾಸಿಗೆ ಮೇಲೆ ಮಲಗಿದ ಗೋಲ್ಡನ್ ರಿಟ್ರೀವರ್ ಫೋಟೋ ಬೇರೆ. ಎರಡು ರಾತ್ರಿಗೆ ರೂಮು 10,000, ನಾಯಿಗೆ ರಾತ್ರಿಗೆ 1,000. "ಲಾಂಗ್ ವೀಕೆಂಡ್ ಮೇಡಂ, ಫುಲ್ ಪೇಮೆಂಟ್ ಆದ್ರೆ ಮಾತ್ರ ರೂಮು" ಅಂದರು. 12,000 ಯುಪಿಐ ಮಾಡಿದೆ. ಅದಕ್ಕೂ ಮೊದಲು ವಾಟ್ಸಾಪ್‌ನಲ್ಲಿ ಬಿಡಿಸಿ ಕೇಳಿದ್ದೆ: "ನಮ್ಮದು ಲ್ಯಾಬ್ರಡಾರ್, 32 ಕೆಜಿ. ರೂಮಲ್ಲಿ ನಮ್ಮ ಜೊತೆನೇ ಮಲಗುತ್ತೆ. ಪರವಾಗಿಲ್ವಾ?" ಉತ್ತರ: "ಓಕೆ ಮೇಡಂ, ನೋ ಪ್ರಾಬ್ಲಂ." ಈ ನೋ ಪ್ರಾಬ್ಲಂ ನೆನಪಿಟ್ಟುಕೊಳ್ಳಿ.

ಬೆಳಗ್ಗೆ 5ಕ್ಕೆ ಬೆಂಗಳೂರು ಬಿಟ್ಟೆವು. ನಾನು, ಯಜಮಾನರು, ಮಗ, ಅತ್ತೆ, ಗುಂಡ. ಬೇಲೂರಲ್ಲಿ ದೇವಸ್ಥಾನದೊಳಗೆ ನಾಯಿ ಬಿಡಲ್ಲ, ಅದು ಸರಿಯೇ. ಒಬ್ಬರು ಗುಂಡನ ಜೊತೆ ಕಾರಿನ ಹತ್ತಿರ ನಿಂತು, ಸರದಿ ಮೇಲೆ ನೋಡಿ ಬಂದೆವು. ನಿಯಮ ಇದ್ದರೆ ಪಾಲಿಸುವ ಜನವೇ ನಾವು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂತ ಮುಂದೆ ಗೊತ್ತಾಗುತ್ತೆ.

ತಲುಪಿದ ತಕ್ಷಣ ಭಾರೀ ಉಪಚಾರ. ಬಿಸಿ ಕಾಫಿ ಬಂತು. ಅಲ್ಲಿದ್ದ ಹುಡುಗ ಹುಲ್ಲಿನ ಮೇಲೆ ಓಡಾಡುತ್ತಿದ್ದ ಗುಂಡನ ಫೋಟೋ ತೆಗೆದೇ ತೆಗೆದ. ನಾನು ಯಜಮಾನರ ಕಡೆ ನೋಡಿ ಹುಬ್ಬು ಹಾರಿಸಿದೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ.

ಲಗೇಜ್ ಎತ್ತಿಕೊಂಡೆವು. ಆಗ ಮ್ಯಾನೇಜರ್, "ನಾಯಿನ ಈ ಕಡೆ ಕರ್ಕೊಂಡು ಬನ್ನಿ ಮೇಡಂ" ಅಂದ. ಅಡುಗೆ ಮನೆ ಹಿಂದೆ ಸೌದೆ ಒಟ್ಟಿದ ಒಂದು ಕೊಟ್ಟಿಗೆ. ಮೇಲೆ ಶೀಟು, ಒಂದು ಕಡೆ ಗೋಡೆಯೇ ಇಲ್ಲ. ಮಲೆನಾಡಿನ ಆಗಸ್ಟ್ ಮಳೆ ಗೊತ್ತಲ್ಲ, ಇರಚಲು ಒಳಗೇ ಹೊಡೆಯುತ್ತಿತ್ತು. ಕಾಲಿಟ್ಟರೆ ಇಂಬಳ. ಕಂಬಕ್ಕೆ ಒಂದು ಸರಪಳಿ. ಅದನ್ನು ನೋಡಿದಾಗ ನನಗೆ ಅರ್ಥವಾಯಿತು. ಸರಪಳಿ ಮೊದಲೇ ರೆಡಿ ಇತ್ತು! ಮರೆತದ್ದಲ್ಲ, ತಪ್ಪು ತಿಳಿದದ್ದೂ ಅಲ್ಲ. ಬಂದವರಿಗೆಲ್ಲ ಹೀಗೇ ಮಾಡುತ್ತಾರೆ.

ಮೆಸೇಜ್ ತೆಗೆದು ತೋರಿಸಿದೆ. ಅವನ ಉತ್ತರ ಕೇಳಿ: "ನೋ ಪ್ರಾಬ್ಲಂ ಅಂದ್ರೆ ನಾಯಿಗೆ ಜಾಗ ಇದೆ ಅಂತ ಮೇಡಂ. ರೂಮೊಳಗೆ ಅಂತ ನಾವು ಎಲ್ಲಿ ಹೇಳಿದ್ವಿ?"

"ಹಾಗಾದ್ರೆ ಆ ಹಾಸಿಗೆ ಮೇಲಿನ ನಾಯಿ?"

"ಅದು ಸುಮ್ನೆ ಫೋಟೋ ಮೇಡಂ. ಆಮೇಲೆ ಅದು ಓನರ್ ನಾಯಿ."

ಸುಮ್ನೆ ಫೋಟೋ ಅಂತೆ! ದುಡ್ಡು ವಾಪಸ್ ಕೊಡಿ ಅಂದೆ. "ಹೋಗೋದಾದ್ರೆ ಹೋಗಿ ಮೇಡಂ, ರೀಫಂಡ್ ಮಾತ್ರ ಇಲ್ಲ. ಇವತ್ತು ಬೇರೆ ಎಲ್ಲೂ ರೂಮು ಸಿಗಲ್ಲ." ನಿಜವೇ. ಏಳೆಂಟು ಕಡೆ ಫೋನ್ ಮಾಡಿದೆವು, ಎಲ್ಲಾ ಫುಲ್.

ಅತ್ತೆ ಬೈಯುತ್ತಾರೆ ಅಂದುಕೊಂಡಿದ್ದೆ. ನಾಯಿ ಬೇಡ ಅಂತ ಮೊದಲು ಹೇಳಿದ್ದೇ ಅವರು. ಮನೆಯಲ್ಲಿ ಗುಂಡ ದೇವರ ಮನೆ ಹತ್ತಿರ ಸುಳಿದರೂ ಕೂಗುವವರು. ಆದರೆ ಅವತ್ತು ಸೆರಗು ಸೊಂಟಕ್ಕೆ ಸಿಕ್ಕಿಸಿ, "ಅಲ್ಲಪ್ಪಾ, ರಾತ್ರಿಗೆ ಸಾವಿರ ರೂಪಾಯಿ ಇಸ್ಕೊಂಡು ಇಲ್ಲಿ ಕಟ್ಟು ಅಂತೀಯಲ್ಲ, ನೀನು ಮಲಗ್ತೀಯಾ ಇಲ್ಲಿ?" ಅಂದರು. ಅವನು ನಕ್ಕ. ಅಷ್ಟೇ.

ಆ ರಾತ್ರಿ ಯಜಮಾನರು ಗುಂಡನ ಜೊತೆ ಕಾರಲ್ಲೇ ಮಲಗಿದರು. ಕೆಳಗಿನ ರೂಮು ಅಂದಿದ್ದರು, ಕೊಟ್ಟದ್ದು ಮಹಡಿ ಮೇಲೆ. ಮಂಡಿ ನೋವಿನ ಅತ್ತೆ ಮೆಟ್ಟಿಲು ಹತ್ತಿದ ಕಥೆ, ಒದ್ದೆ ವಾಸನೆಯ ರಗ್ಗಿನ ಕಥೆ, ಬೇಡ ಬಿಡಿ. ಮುಳ್ಳಯ್ಯನಗಿರಿಯೂ ಬೇಡ ಏನೂ ಬೇಡ ಅಂತ ಬೆಳಗ್ಗೆ ಅಕ್ಕಿ ರೊಟ್ಟಿ ತಿಂದು ವಾಪಸ್ ಹೊರಟೆವು. (ರೊಟ್ಟಿ ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ.)

ಊರಿಗೆ ಬಂದು, ಉಳಿಯದ ಎರಡನೇ ರಾತ್ರಿಯ ದುಡ್ಡಾದರೂ ಕೊಡಿ ಅಂತ ಕೇಳಿದೆ. "ನೀವೇ ಬೇಗ ಹೋಗಿದ್ದು ಮೇಡಂ." ನಾಯಿಯ 2,000? "ಜಾಗ ಕೊಟ್ಟಿದ್ವಿ, ನೀವು ಯೂಸ್ ಮಾಡಿಲ್ಲ." ರಿವ್ಯೂ ಹಾಕಿದೆ. ಅದರ ಕೆಳಗೆ ಅವರು ಬರೆದದ್ದು: ಈ ಅತಿಥಿಗಳು ನಿಯಮ ಪಾಲಿಸಲು ಒಪ್ಪಲಿಲ್ಲ. ಬೇಲೂರಲ್ಲಿ ಸರದಿ ಮೇಲೆ ನಿಂತ ನಾವು!

1915ಕ್ಕೆ, ಅದೇ ಗ್ರಾಹಕರ ಸಹಾಯವಾಣಿಗೆ, ದೂರು ಕೊಟ್ಟಿದ್ದೇನೆ. ಅಲ್ಲಿ ಆಗದಿದ್ದರೆ ಗ್ರಾಹಕ ಆಯೋಗ. 2019ರ ಕಾಯ್ದೆ ಪ್ರಕಾರ ನಾವಿರುವ ಊರಲ್ಲೇ ಕೇಸು ಹಾಕಬಹುದು, 5 ಲಕ್ಷದವರೆಗೆ ಶುಲ್ಕವೂ ಇಲ್ಲ. 12,000ಕ್ಕೆ ಇಷ್ಟೆಲ್ಲಾ ಬೇಕಾ ಅಂತಾರೆ ಯಜಮಾನರು. ನನಗೆ ಬೇಕು.

ನೀವು ಹೋಗುವುದಾದರೆ 'ನಾಯಿ ರಾತ್ರಿ ಮಲಗೋದು ರೂಮೊಳಗೆ' ಅನ್ನುವ ಮಾತನ್ನು ಅವರ ಕೈಯಲ್ಲೇ ಬರೆಸಿಕೊಳ್ಳಿ. ಪೂರ್ತಿ ದುಡ್ಡು ಮೊದಲೇ ಕೊಡಬೇಡಿ, ಎಷ್ಟೇ ಲಾಂಗ್ ವೀಕೆಂಡ್ ಇರಲಿ.

ಮೊನ್ನೆ ಮಗ ಫೋನ್ ತಂದು ತೋರಿಸಿದ. ಆ ಹೋಂಸ್ಟೇಯ ಇನ್‌ಸ್ಟಾಗ್ರಾಂನಲ್ಲಿ ನಮ್ಮ ಗುಂಡ, ಹುಲ್ಲಿನ ಮೇಲೆ ನಾಲಿಗೆ ಹೊರಗೆ ಹಾಕಿಕೊಂಡು ನಿಂತಿದ್ದಾನೆ. 'ನಮ್ಮ ಖುಷಿ ಖುಷಿ ಅತಿಥಿ' ಅಂತೆ. ತಕ್ಷಣ ತೆಗೀರಿ ಅಂತ ಮೆಸೇಜ್ ಹಾಕಿದೆ. ಉತ್ತರ ಬಂತು: "ಓಕೆ ಮೇಡಂ, ನೋ ಪ್ರಾಬ್ಲಂ."

ಫೋಟೋ ಇನ್ನೂ ಅಲ್ಲೇ ಇದೆ.