ಬೆಂಚಿನ ಮೇಲೆ ಯಾವುದಿರಲಿ: ಇಎಲ್‌ಎನ್‌ಗಾಗಿ ಲ್ಯಾಪ್‌ಟಾಪ್, ಐಪ್ಯಾಡ್, ಟ್ಯಾಬ್ ಆಕ್ಟಿವ್, ರಿಮಾರ್ಕಬಲ್

ಪ್ರಯೋಗದ ದಾಖಲೆಯನ್ನು ಕಂಪ್ಯೂಟರಿನಲ್ಲೇ ಬರೆದಿಡುವ ಎಲೆಕ್ಟ್ರಾನಿಕ್ ಲ್ಯಾಬ್ ನೋಟ್‌ಬುಕ್ (ಇಎಲ್‌ಎನ್) ಬಂದ ಮೇಲೂ ಬೆಂಚಿನಲ್ಲಿ ಟಿಶ್ಯೂ ಪೇಪರ್ ಮೇಲೆ, ಗ್ಲೌಸ್ ಡಬ್ಬದ ಮೇಲೆ ಅಂಕಿ ಗೀಚುವುದು ನಿಂತಿಲ್ಲ ಎಂದರೆ ಬಹಳ ಸಲ ಸಾಫ್ಟ್‌ವೇರಿನ ತಪ್ಪಿರುವುದಿಲ್ಲ. ಪಿಪೆಟ್ ಹಿಡಿದ ಕೈಗೆ ಎಟುಕುವಲ್ಲಿ, ಗ್ಲೌಸ್ ಹಾಕಿದ ಬೆರಳಿಗೆ ಒಗ್ಗುವ ಸಾಧನ ಇಲ್ಲ, ಅಷ್ಟೇ. ಆದ್ದರಿಂದ ಇಲ್ಲಿ ಪ್ರೊಸೆಸರ್, ರ‍್ಯಾಮ್ ಲೆಕ್ಕ ಹಾಕಿಲ್ಲ. ಡಿಎನ್‌ಎ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಹಾಕುವಾಗ, ಡಿಎನ್‌ಎ ತುಣುಕುಗಳನ್ನು ಬೇರ್ಪಡಿಸಲು ಜೆಲ್ ಓಡಿಸುವಾಗ, ಮೈನಸ್ 80ರ ಫ್ರೀಜರಿನಿಂದ ಟ್ಯೂಬ್ ತೆಗೆಯುವಾಗ, ಕೋಲ್ಡ್ ರೂಮಿನಲ್ಲಿ ನಿಂತಾಗ ಪ್ರತಿಯೊಂದೂ ಹೇಗೆ ನಡೆದುಕೊಳ್ಳುತ್ತದೆ ಎಂಬುದಷ್ಟೇ ನೋಡಿದ್ದು. ನೋಟ್‌ಬುಕ್ ಆಗಿ ಬಳಸಿದ್ದು ಇ-ಲ್ಯಾಬ್-ಎಫ್‌ಟಿಡಬ್ಲ್ಯೂ. ಇದು ಓಪನ್ ಸೋರ್ಸ್, ಸ್ವಂತ ಸರ್ವರಿನಲ್ಲಿ ಹಾಕಿಕೊಳ್ಳಬಹುದು, ಬ್ರೌಸರಿನಲ್ಲೇ ತೆರೆಯುತ್ತದೆ. ಬ್ರೌಸರಿನಲ್ಲಿ ನಡೆಯುವ ಬೇರೆ ಇಎಲ್‌ಎನ್‌ಗಳಿಗೂ ಇಲ್ಲಿನ ಹೆಚ್ಚಿನ ಮಾತು ಹೊಂದುತ್ತದೆ.

ಲ್ಯಾಪ್‌ಟಾಪ್ ವಿಷಯ ಬೇಗ ಮುಗಿಯುತ್ತದೆ. ಪ್ರೋಟೋಕಾಲ್ ಬರೆಯಲು, ಟೆಂಪ್ಲೇಟ್ ಮಾಡಲು, ಫಲಿತಾಂಶ ವಿವರಿಸಲು ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಒದ್ದೆ ಕೆಲಸದ ಬೆಂಚಿಗೆ ಇದನ್ನು ತರಬೇಡಿ. ಕೀಲಿಗಳ ಸಂದಿಯನ್ನು ಒರೆಸಿ ಸೋಂಕು ತೆಗೆಯಲು ಆಗುವುದಿಲ್ಲ. ಅಗರೋಸ್, ಎಸ್‌ಡಿಎಸ್ ಪುಡಿ ತೂಗುವ ಜಾಗದಲ್ಲಿ ಫ್ಯಾನ್ ಆ ಧೂಳನ್ನೆಲ್ಲ ಒಳಗೆಳೆಯುತ್ತದೆ.

ಉಳಿದ ಮೂರು ಎಂದರೆ ಐಪ್ಯಾಡ್, ಸ್ಯಾಮ್‌ಸಂಗ್‌ನ ಗಟ್ಟಿಮುಟ್ಟಾದ ಗ್ಯಾಲಕ್ಸಿ ಟ್ಯಾಬ್ ಆಕ್ಟಿವ್, ಪೆನ್ನಿನಲ್ಲಿ ಬರೆಯುವ ಇ-ಇಂಕ್ ಟ್ಯಾಬ್ ರಿಮಾರ್ಕಬಲ್ 2. ಇವುಗಳ ಮೊದಲ ಪರೀಕ್ಷೆ ಗ್ಲೌಸ್. ಮೂರರಲ್ಲೂ ಬೆರಳಿಗೆ ಇರುವುದು ಕೆಪ್ಯಾಸಿಟಿವ್ ಟಚ್, ಅಂದರೆ ಬೆರಳಿನ ವಿದ್ಯುತ್ ಗುಣವನ್ನು ಗುರುತಿಸುವ ಪರದೆ. ತೆಳು ನೈಟ್ರೈಲ್ ಗ್ಲೌಸ್ ಒಂದೇ ಪದರವಿದ್ದು ಬೆರಳಿಗೆ ಬಿಗಿಯಾಗಿ ಕೂತಿದ್ದರೆ ಐಪ್ಯಾಡ್ ಚೆನ್ನಾಗಿಯೇ ಸ್ಪಂದಿಸುತ್ತದೆ. ತುದಿ ಸಡಿಲವಿದ್ದರೆ ನಡುವೆ ಗಾಳಿ ನಿಂತು ಒತ್ತಿದ್ದು ಗೊತ್ತಾಗುವುದಿಲ್ಲ. ಹೀಗಾಗಿ ಒಂದು ಸೈಜ್ ದೊಡ್ಡ ಗ್ಲೌಸ್ ಹಾಕುವವರಿಗೆ ಟ್ಯಾಬೇ ಕೆಟ್ಟಿದೆ ಅನಿಸುತ್ತದೆ. ಎರಡು ಪದರ ಹಾಕಿದರೆ ಐಪ್ಯಾಡಿನಲ್ಲಿ ಟೈಪ್ ಮಾಡುವ ಆಸೆ ಬಿಡಿ. ಗ್ಯಾಲಕ್ಸಿ ಟ್ಯಾಬ್ ಆಕ್ಟಿವ್‌ನಲ್ಲಿ ಸೆಟ್ಟಿಂಗ್ಸ್, ಡಿಸ್‌ಪ್ಲೇ, ಟಚ್ ಸೆನ್ಸಿಟಿವಿಟಿ ಆನ್ ಮಾಡಿದರೆ ಎರಡನೇ ಪದರಕ್ಕೂ ಬಹುಪಾಲು ಕೆಲಸ ಸಾಗುತ್ತದೆ. ಪರದೆ ಮೇಲೆ ಬಫರ್ ಹನಿ ಬಿದ್ದರೆ ಎರಡೂ ಟ್ಯಾಬ್‌ಗಳು ಹನಿಯನ್ನೇ ಬೆರಳೆಂದುಕೊಂಡು ಬೇಡದ ಬಟನ್ ಒತ್ತುತ್ತವೆ. ಆಗ ಕೈಹಿಡಿಯುವುದು ಪೆನ್ನು. ಸ್ಯಾಮ್‌ಸಂಗ್‌ನ ಎಸ್ ಪೆನ್ ಮತ್ತು ರಿಮಾರ್ಕಬಲ್ 2ರ ಮಾರ್ಕರ್ ಎರಡೂ ವಿದ್ಯುತ್ಕಾಂತೀಯ ಅನುರಣನದಿಂದ ನಡೆಯುವಂಥವು. ಬರೆಯಲು ಪೆನ್ನಿಗೆ ಚಾರ್ಜ್ ಬೇಡ, ಪರದೆ ಒದ್ದೆಯಾದರೂ ಗೆರೆ ತಪ್ಪುವುದಿಲ್ಲ. ಆಪಲ್ ಪೆನ್ಸಿಲ್‌ಗೆ ಚಾರ್ಜ್ ಬೇಕು. ಹಲವರು ಹಂಚಿಕೊಳ್ಳುವ ಲ್ಯಾಬಿನಲ್ಲಿ ‘ಬೇರೆಯವರು ಚಾರ್ಜಿಗೆ ಹಾಕಿರುತ್ತಾರೆ’ ಅಂದುಕೊಂಡರೆ ಬೇಕಾದ ಹೊತ್ತಿಗೆ ಅದು ಸತ್ತಿರುತ್ತದೆ.

ಗ್ಲೌಸ್‌ನಲ್ಲಿ ಮುಟ್ಟಬಹುದು ಎಂದ ಮಾತ್ರಕ್ಕೆ ಮುಟ್ಟಬೇಕೆಂದಿಲ್ಲ. ಜೆಲ್ ಕೋಣೆಯಲ್ಲಿ ಎಥಿಡಿಯಂ ಬ್ರೋಮೈಡ್ (ಡಿಎನ್‌ಎ ಕಾಣುವಂತೆ ಮಾಡುವ ಅಪಾಯಕಾರಿ ಬಣ್ಣ) ತಾಗಿದ ಗ್ಲೌಸ್‌ನಿಂದ ಪರದೆ ಮುಟ್ಟಿ, ಅದೇ ಟ್ಯಾಬನ್ನು ಬರಿಗೈಯಲ್ಲಿ ಊಟದ ಟೇಬಲ್ಲಿಗೆ ಒಯ್ಯುವುದಕ್ಕಿಂತ ದೊಡ್ಡ ಅಪಾಯ ಈ ಇಡೀ ವ್ಯವಸ್ಥೆಯಲ್ಲಿ ಇನ್ನೊಂದಿಲ್ಲ. ಪ್ರತಿ ಸಾಧನದ ಬೆನ್ನಿಗೆ ‘ಗ್ಲೌಸ್ ಮಾತ್ರ’ ಅಥವಾ ‘ಬರಿಗೈ ಮಾತ್ರ’ ಎಂದು ಚೀಟಿ ಅಂಟಿಸಿ. ಎರಡೂ ಆಗುವ ಟ್ಯಾಬ್ ಇರಕೂಡದು. ಒರೆಸಲು ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲನ್ನು ಬಟ್ಟೆಗೆ ಹಾಕಿ, ಟ್ಯಾಬಿನ ಮೇಲೆ ನೇರ ಸ್ಪ್ರೇ ಮಾಡಬೇಡಿ. ಸ್ಪೀಕರ್ ಜಾಲರಿ, ಚಾರ್ಜಿಂಗ್ ಕಿಂಡಿಗಳ ಮೂಲಕ ಒಳಗಿಳಿಯುತ್ತದೆ. ಧೂಳು, ನೀರು ತಡೆಯುವ ಶಕ್ತಿಯನ್ನು ಸೂಚಿಸುವ ಐಪಿ68 ಎಂಬುದು ಸಿಹಿನೀರಿನಲ್ಲಿ ಮಾಡಿದ ಪರೀಕ್ಷೆ, ಆಲ್ಕೋಹಾಲಿಗೆ ಅದು ಭರವಸೆಯಲ್ಲ. ಬ್ಲೀಚ್ ದ್ರಾವಣ ಹತ್ತಿರವೂ ಬೇಡ. ದಿನವೂ ಒರೆಸಿದರೆ ಗಾಜಿನ ಎಣ್ಣೆನಿರೋಧಕ ಲೇಪ ಸವೆಯುತ್ತದೆ. ಮೊದಲ ದಿನವೇ ಟೆಂಪರ್ಡ್ ಗ್ಲಾಸ್ ಹಾಕಿಸಿ, ಸವೆದಾಗ ಅದನ್ನಷ್ಟೇ ಬದಲಿಸಿ.

ಚಾರ್ಜಿಂಗ್‌ನಲ್ಲಿ ಟ್ಯಾಬ್ ಆಕ್ಟಿವ್ ಸ್ಪಷ್ಟವಾಗಿ ಮುಂದಿದೆ. ಬೆಂಚಿನ ಟ್ಯಾಬ್ ಹಗಲಿರುಳೂ ಪ್ಲಗ್ಗಿನಲ್ಲೇ ಇರುತ್ತದೆ. ಶೇ. 100ರಲ್ಲಿ, ಇನ್‌ಕ್ಯುಬೇಟರ್ ಪಕ್ಕದ ಬಿಸಿಯಲ್ಲಿ ತಿಂಗಳುಗಟ್ಟಲೆ ಇಟ್ಟ ಲಿಥಿಯಂ ಬ್ಯಾಟರಿ ಊದಿಕೊಂಡು ಪರದೆಯನ್ನು ಎಬ್ಬಿಸುತ್ತದೆ. ಆಕ್ಟಿವ್ ಸರಣಿಯಲ್ಲಿ ಬ್ಯಾಟರಿಯನ್ನು ಕೈಯಲ್ಲೇ ತೆಗೆದು ಬದಲಿಸಬಹುದು. ಆಕ್ಟಿವ್ 3 ಮತ್ತು 5ರಲ್ಲಿ ಬ್ಯಾಟರಿ ಇಲ್ಲದೆ ನೇರ ವಿದ್ಯುತ್ತಿನಲ್ಲಿ ಓಡಿಸುವ ವಿಧಾನವೂ ಇದೆ. ಐಪ್ಯಾಡ್ ಇಡುವುದಾದರೆ ಹತ್ತು ರೂಪಾಯಿ ಉಳಿಸದೆ ಟೈಮರ್ ಸಾಕೆಟ್ ತಂದು ದಿನಕ್ಕೆ ಎರಡೋ ಮೂರೋ ಗಂಟೆ ಮಾತ್ರ ಚಾರ್ಜ್ ಆಗುವಂತೆ ಮಾಡಿ.

ಹಾಗೆಂದು ಐಪ್ಯಾಡ್ ಸೋತಿತೆಂದಲ್ಲ. ಅದರ ಅಗಲ ಪರದೆಯಲ್ಲಿ ಟೆಂಪ್ಲೇಟ್ ಪೂರ್ತಿ ಕಾಣುತ್ತದೆ. 8 ಇಂಚಿನ ಆಕ್ಟಿವ್ 5ರಲ್ಲಿ ಎಡಿಟರಿನ ಟೂಲ್‌ಬಾರ್, ಕೆಳಗೆ ಕೀಬೋರ್ಡ್ ಬಂದರೆ ನಡುವೆ ಉಳಿಯುವುದು ಮೂರ್ನಾಲ್ಕು ಸಾಲು. ಪರಿಹಾರವಿದೆ: ಬೆಂಚಿನಲ್ಲಿ ವಾಕ್ಯ ಬರೆಯಬೇಡಿ. ಡೆಸ್ಕಿನಲ್ಲೇ ಟೆಂಪ್ಲೇಟಿಗೆ ಎಕ್ಸ್‌ಟ್ರಾ ಫೀಲ್ಡ್‌ಗಳನ್ನು ಸೇರಿಸಿ. ಪಿಸಿಆರ್‌ನ ಅನೀಲಿಂಗ್ ತಾಪಮಾನಕ್ಕೆ ಅಂಕಿಯ ಫೀಲ್ಡ್, ಪಾಲಿಮರೇಸ್ ಕಿಣ್ವಕ್ಕೆ ಆಯ್ಕೆಪಟ್ಟಿ, ಲಾಟ್ ನಂಬರಿಗೆ ಒಂದು ಸಾಲು. ಆಗ ಬೆಂಚಿನಲ್ಲಿ ಬರೀ ಒತ್ತುವುದು, ಅಂಕಿ ತುಂಬುವುದು. ದೊಡ್ಡ ಪರದೆಯೇ ಬೇಕೆಂದರೆ 10.1 ಇಂಚಿನ ಆಕ್ಟಿವ್ 4 ಪ್ರೊ ಇದೆ. ಐಪ್ಯಾಡಿನಲ್ಲಿ ತೆಗೆದ ಫೋಟೊ ಎಚ್‌ಇಐಸಿ ರೂಪದಲ್ಲಿ ಉಳಿದು ಕೆಲವು ಕಡೆ ತೆರೆಯುವುದಿಲ್ಲ. ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿದರೆ ಜೆಪೆಗ್ ಬರುತ್ತದೆ.

ಹಂಚಿಕೊಂಡ ಟ್ಯಾಬಿನಲ್ಲಿ ಯಾರ ಲಾಗಿನ್ ತೆರೆದಿದೆಯೋ ದಾಖಲೆ ಅವರ ಹೆಸರಿಗೆ ಹೋಗುತ್ತದೆ. ಎಲೆಕ್ಟ್ರಾನಿಕ್ ದಾಖಲೆ, ಸಹಿಗಳ ಕುರಿತ ಅಮೆರಿಕದ ಎಫ್‌ಡಿಎ (ಆಹಾರ, ಔಷಧ ಆಡಳಿತ) ನಿಯಮ 21 ಸಿಎಫ್‌ಆರ್ ಪಾರ್ಟ್ 11ಕ್ಕೆ ಒಳಪಡುವ ಲ್ಯಾಬ್‌ಗಳಿಗೆ ಇದು ನೇರ ಉಲ್ಲಂಘನೆ, ಉಳಿದವರಿಗೆ ಆರು ತಿಂಗಳ ಮೇಲೆ ಬಿಡಿಸಲಾಗದ ಗೋಜಲು. ಸ್ಯಾಮ್‌ಸಂಗ್ ಟ್ಯಾಬಿನಲ್ಲಿ ಒಬ್ಬೊಬ್ಬರಿಗೆ ಬೇರೆ ಬಳಕೆದಾರ ಖಾತೆ ಮಾಡಬಹುದು. ಸಾಮಾನ್ಯ ಐಪ್ಯಾಡಿನಲ್ಲಿ ಆಗದು, ಅದಕ್ಕೆ ಸಂಸ್ಥೆಯ ಕಡೆಯಿಂದ ಶೇರ್ಡ್ ಐಪ್ಯಾಡ್ ವ್ಯವಸ್ಥೆ ಬೇಕು.

ಟ್ಯೂಬಿನ ಕೋಡ್ ಓದಲು ಟ್ಯಾಬಿನ ಕ್ಯಾಮೆರಾ ನಂಬಬೇಡಿ. ಫ್ರೀಜರಿನಲ್ಲಿಡುವ ಕ್ರಯೋವಯಲ್ ಟ್ಯೂಬಿನ ಪುಟ್ಟ ಚೌಕ ಕೋಡ್ ಡೇಟಾ ಮ್ಯಾಟ್ರಿಕ್ಸ್‌ಗೆ ಅದು ಹತ್ತಿರದಲ್ಲಿ ಫೋಕಸ್ ಆಗುವುದಿಲ್ಲ, ಮೇಲೆ ಹಿಮ ಕಟ್ಟಿದ್ದರಂತೂ ಮುಗಿಯಿತು. ಬ್ಲೂಟೂತ್ 2ಡಿ ಸ್ಕ್ಯಾನರ್ ತನ್ನಿ. ಅದು ಸಾಧನಕ್ಕೆ ಕೀಬೋರ್ಡಿನಂತೆ ಕಾಣುವುದರಿಂದ ಐಪ್ಯಾಡಿನ ಪರದೆಯ ಕೀಬೋರ್ಡ್ ಮಾಯವಾಗುತ್ತದೆ. ಸ್ಕ್ಯಾನರಿನ ಬಟನ್ ಎರಡು ಸಲ ಒತ್ತಿದರೆ ಕೆಲವು ಮಾದರಿಗಳಲ್ಲಿ ಮರಳುತ್ತದೆ, ಕೊಳ್ಳುವ ಮುನ್ನ ಇದನ್ನು ಕೇಳಿ ಖಚಿತ ಮಾಡಿಕೊಳ್ಳಿ. ಆಂಡ್ರಾಯ್ಡ್‌ನಲ್ಲಿ ಫಿಸಿಕಲ್ ಕೀಬೋರ್ಡ್ ಸೆಟ್ಟಿಂಗಿನಲ್ಲೇ ಇದಕ್ಕೆ ಸ್ವಿಚ್ ಇದೆ.

ಕನ್ನಡದಲ್ಲಿ ಟಿಪ್ಪಣಿ ಬರೆಯುವವರು ಗಮನಿಸಬೇಕಾದ್ದು ಇನ್ನೊಂದಿದೆ. ಸ್ಕ್ಯಾನರ್ ಕಳಿಸುವುದು ಅಕ್ಷರವನ್ನಲ್ಲ, ಕೀಲಿಯ ಸ್ಥಾನವನ್ನು. ಕಂಪ್ಯೂಟರಿನಲ್ಲಿ ಕನ್ನಡ ಇನ್‌ಸ್ಕ್ರಿಪ್ಟ್ ಕೀಲಿ ವಿನ್ಯಾಸ ಆನ್ ಇದ್ದಾಗ ಸ್ಕ್ಯಾನ್ ಮಾಡಿದರೆ ಕೋಡಿನ ದೊಡ್ಡಕ್ಷರದ ‘ಪಿ’ ಝ ಆಗುತ್ತದೆ, ‘ಎಲ್’ ಥ ಆಗುತ್ತದೆ. ಪ್ಲಾಸ್ಮಿಡ್ ಪಟ್ಟಿಯಲ್ಲಿ ಹುಡುಕಿದರೆ ಏನೂ ಸಿಗದು, ಜನ ಲೇಬಲ್ಲನ್ನು ಬೈಯುತ್ತಾರೆ. ಸ್ಕ್ಯಾನ್ ಮಾಡುವ ಮುನ್ನ ಇಂಗ್ಲಿಷ್ ವಿನ್ಯಾಸಕ್ಕೆ ಬದಲಿಸಿ. ವಿಂಡೋಸ್ ಆದರೆ ಸ್ಕ್ಯಾನರಿನ ಕೈಪಿಡಿಯಲ್ಲಿ ಆಲ್ಟ್ ಮೋಡ್ ಇದೆಯೇ ನೋಡಿ. ಅದು ಪ್ರತಿ ಅಕ್ಷರವನ್ನೂ ಅಂಕಿಸಂಕೇತವಾಗಿ ಕಳಿಸುವುದರಿಂದ ವಿನ್ಯಾಸ ಯಾವುದಿದ್ದರೂ ನಡೆಯುತ್ತದೆ.

ರಿಮಾರ್ಕಬಲ್ 2 ಬರೆಯುವ ಸುಖದಲ್ಲಿ ಎಲ್ಲಕ್ಕಿಂತ ಮೇಲು. 10.3 ಇಂಚಿನ ಇ-ಇಂಕ್ ಪರದೆ, ಪೇಪರಿನ ಹಿಡಿತ, ರಚನಾಸೂತ್ರ, ಪ್ಲೇಟಿನ ನಕ್ಷೆ ಗೀಚಲು ಹೇಳಿ ಮಾಡಿಸಿದ್ದು. ಆದರೆ ಬ್ರೌಸರ್ ಇಲ್ಲ, ಕ್ಯಾಮೆರಾ ಇಲ್ಲ, ಹಿಂಬೆಳಕೂ ಇಲ್ಲ. ಕತ್ತಲೆಯ ಜೆಲ್ ಕೋಣೆಯಲ್ಲಿ ಏನೂ ಕಾಣದು. ಬರೆದದ್ದನ್ನು ಅಳಿಸಿದರೆ ಗುರುತೂ ಉಳಿಯುವುದಿಲ್ಲ. ಆದ್ದರಿಂದ ಇದನ್ನು ನೋಟ್‌ಬುಕ್ ಎಂದು ಕರೆಯಲಾರೆವು. ಆದರೆ ಕೋಲ್ಡ್ ರೂಮಿನಲ್ಲಿ ಇದೇ ನಮ್ಮ ಆಯ್ಕೆ. ಅಲ್ಲಿನ ಲೋಹದ ಹಾಳೆ ಹೊದಿಸಿದ ಗೋಡೆ ವೈಫೈಯನ್ನು ತಡೆಯುತ್ತದೆ, ಬ್ರೌಸರಿನಲ್ಲಿ ಬರೆದು ಸೇವ್ ಒತ್ತಿದರೆ ಪುಟ ತಿರುಗುತ್ತಲೇ ಇರುತ್ತದೆ. ರಿಮಾರ್ಕಬಲ್‌ಗೆ ನೆಟ್‌ವರ್ಕಿನ ಹಂಗಿಲ್ಲ. ಹೊರಬಂದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ವೆಬ್ ಇಂಟರ್‌ಫೇಸ್ ಆನ್ ಮಾಡಿ, ಕೇಬಲ್ ಹಾಕಿ, ಕಂಪ್ಯೂಟರಿನ ಬ್ರೌಸರಿನಲ್ಲಿ 10.11.99.1 ತೆರೆದರೆ ಪಿಡಿಎಫ್ ಇಳಿಸಿಕೊಳ್ಳಬಹುದು. ಅದನ್ನು ಅಂದೇ ಪ್ರಯೋಗದ ಪುಟಕ್ಕೆ ಅಂಟಿಸಿ ಟೈಮ್‌ಸ್ಟ್ಯಾಂಪ್ ಹಾಕಿ.

4 ಡಿಗ್ರಿಯ ಕೋಣೆಯಿಂದ ಹೊರಗೆ ತಂದ ಸಾಧನ ಯಾವುದೇ ಇರಲಿ, ಕೂಡಲೇ ಕೇಬಲ್ ಹಾಕಬೇಡಿ. ಮಂಗಳೂರು, ಮಣಿಪಾಲದಂಥ ತೇವದ ಗಾಳಿಯಲ್ಲಿ ನಿಮಿಷದೊಳಗೆ ಅದು ಬೆವರುತ್ತದೆ, ಚಾರ್ಜಿಂಗ್ ಕಿಂಡಿಯಲ್ಲೂ ನೀರು ಕೂರುತ್ತದೆ. ಒಳಗೇ ಜಿಪ್‌ಲಾಕ್ ಚೀಲಕ್ಕೆ ಹಾಕಿ ಬಾಯಿ ಮುಚ್ಚಿ ತನ್ನಿ, ಕೋಣೆಯ ಬಿಸಿಗೆ ಬಂದ ಮೇಲೆ ಚೀಲ ತೆರೆಯಿರಿ. ಆಗ ತೇವ ಕೂರುವುದು ಚೀಲದ ಹೊರಮೈ ಮೇಲೆ.